ಕವರಿನ ಮೇಲೆ ಮಾತ್ರೆಯ ಹೆಸರು ಬರೆಸಿ

ಭಯ ಅಲ್ಲ ಸಾರ್, ಹಿಮ್ಮಡಿ. "ನಿಮಗೆ ಬಂದಿರೋದು ಭಯದ ಕಾಯಿಲೆ, ನೆಟ್ ನೋಡಿ ನೋಡಿ ಬರಿಸ್ಕೊಂಡಿದ್ದೀರ" ಅಂತ ತಾವು ಅವತ್ತು ತೀರ್ಪು ಕೊಟ್ಟು ಮುಂದಿನವರನ್ನು ಕರೆದಿರಿ. ಉತ್ತರಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಭಯ ಇರುವುದು ತಲೆಯಲ್ಲಿ. ನನಗೆ ನೋಯುವುದು ಹಿಮ್ಮಡಿಯ ಹಿಂದೆ, ಮೀನಖಂಡದ ಕಡೆಗೆ ಹೋಗುವ ದಪ್ಪ ನರ ಇದೆಯಲ್ಲ, ಅಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸಿದ ಕೂಡಲೇ ಯಾರೋ ಇಕ್ಕಳ ಹಾಕಿ ಹಿಡಿದ ಹಾಗಾಗುತ್ತದೆ. ಬಲಗಾಲಿನಲ್ಲಿ ಜಾಸ್ತಿ, ಎಡಗಾಲಿನಲ್ಲಿ ಕಡಿಮೆ. ಭಯಕ್ಕೆ ಎಡ ಬಲ ಅಂತ ಇರುತ್ತದೆಯೇ? ಅಂಥ ಭಯವನ್ನು ತಾವು ಬೇರೆ ಎಲ್ಲಾದರೂ ನೋಡಿದ್ದರೆ ದಯವಿಟ್ಟು ತಿಳಿಸಿ.

ಮಾನ್ಯರೇ, ತಾವು ನಮ್ಮ ಭಾಗದ ಔಷಧ ಅಂಗಡಿಗಳನ್ನು ಪರಿಶೀಲಿಸುವ ಅಧಿಕಾರಿಗಳು. ನಾನು ಅಮೃತಹಳ್ಳಿಯ ಬಾಲರಾಜ್. ಎಸ್ಸೆಸ್ಸೆಲ್ಸಿ ತನಕ ಓದಿ, ಮನೆಮನೆಗೆ ಇಂಟರ್‌ನೆಟ್ ಕೇಬಲ್ ಎಳೆಯುವ ಕೆಲಸಕ್ಕೆ ಸೇರಿದವನು. ನೆಟ್ ನೋಡುವುದಕ್ಕೆ ನನಗೆಲ್ಲಿತ್ತು ಸ್ವಾಮಿ ಪುರುಸೊತ್ತು, ಊರಿಗೆಲ್ಲ ಅದನ್ನು ಹಂಚುವುದರಲ್ಲೇ ದಿನ ಮುಗಿಯುತ್ತಿತ್ತು. ನನ್ನ ದೂರು ಇಷ್ಟೇ. ನಮ್ಮ ಬೀದಿಗಳಲ್ಲಿ ಮಾತ್ರೆಗಳನ್ನು ಹೆಸರು ಹೇಳದೆ, ಬಿಡಿಯಾಗಿ, ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಹಾಗೆ ಕೊಟ್ಟ ಒಂದು ಮಾತ್ರೆಯಿಂದ ನನ್ನ ಕಾಲು ಕೆಟ್ಟಿದೆ. ಅದೇ ಮಾತ್ರೆ ಇನ್ನೊಂದು ಸಲ ನನ್ನ ಹೊಟ್ಟೆಗೆ ಹೋದರೆ ಆ ನರ ಕಿತ್ತೇ ಹೋಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಹೋಗದ ಹಾಗೆ ತಡೆಯುವುದಕ್ಕೆ ನನ್ನ ಹತ್ತಿರ ಯಾವ ದಾರಿಯೂ ಇಲ್ಲ, ಯಾಕೆಂದರೆ ಕವರಿನ ಮೇಲೆ ಹೆಸರು ಇರುವುದಿಲ್ಲ.

ಇದನ್ನು ಫೋನಿನಲ್ಲಿ ಒತ್ತುತ್ತಿರುವಾಗ ನನ್ನ ಎಡಗೆನ್ನೆ ಊದಿಕೊಂಡಿದೆ. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿದೆ, ಮೈ ಬಿಸಿಯಾಗಿದೆ. ಟಿವಿ ಪಕ್ಕದಲ್ಲಿ ನಮ್ಮಮ್ಮ ಇವತ್ತು ಬೆಳಿಗ್ಗೆ ತಂದಿಟ್ಟ ಕವರ್ ಇದೆ. ಒಳಗೆ ಒಂದು ಬಿಳಿ ಮಾತ್ರೆ, ಒಂದು ಗುಲಾಬಿ, ಒಂದು ಕೇಸರಿ. ತಿಂದರೆ ಹಲ್ಲು ನೋವು ಇಳಿಯುತ್ತದೆ, ಕಾಲು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಬಿಟ್ಟರೆ ಕೀವು ಎಲ್ಲಿಗೆ ಏರುತ್ತದೋ ಅದೂ ಗೊತ್ತಿಲ್ಲ. ಇಂಥ ಸ್ಥಿತಿಯಲ್ಲಿ ಬರೆಯುತ್ತಿರುವುದರಿಂದ ಭಾಷೆ ಅಲ್ಲಲ್ಲಿ ಒರಟಾದರೆ ಕ್ಷಮಿಸಬೇಕು. ಕ್ಷಮಿಸದಿದ್ದರೂ ನಡೆಯುತ್ತದೆ.

'ಸೆಟ್' ಅಂದರೇನು ಅಂತ ತಾವು ಅವತ್ತು ನನ್ನನ್ನೇ ಕೇಳಿದಿರಿ. ಔಷಧ ಅಂಗಡಿಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಸೆಟ್ ಗೊತ್ತಿಲ್ಲ ಅನ್ನುವುದು, ಹೋಟೆಲ್ ತಪಾಸಣೆಗೆ ಬಂದವರು ಇಡ್ಲಿ ಅಂದರೇನು ಅಂತ ಕೇಳಿದ ಹಾಗಾಯಿತು. ಇರಲಿ, ಹೇಳುತ್ತೇನೆ. ಜ್ವರ ಬಂದ ಗಾರೆ ಕೆಲಸದವನು, ಮೈಕೈ ನೋವಿನ ಗಾರ್ಮೆಂಟ್ಸ್ ಹೆಣ್ಣುಮಗಳು, ಕೆಮ್ಮುವ ಆಟೋ ಡ್ರೈವರು, ಇವರು ಯಾರೂ ಮೊದಲಿಗೆ ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೋದರೆ ಅವತ್ತಿನ ಕೆಲಸ ಹೋಯಿತು. ಮೆಡಿಕಲ್ ಸ್ಟೋರಿನ ಕೌಂಟರಿಗೆ ಮೊಣಕೈ ಊರಿ, "ಜ್ವರಕ್ಕೊಂದ್ ಸೆಟ್ ಕೊಡಿ" ಅನ್ನುತ್ತಾರೆ. ಅಂಗಡಿಯವರು ಈ ಶೀಟಿನಿಂದ ಒಂದು, ಆ ಶೀಟಿನಿಂದ ಒಂದು, ಡಬ್ಬಿಯಿಂದ ಇನ್ನೊಂದು ಮಾತ್ರೆ ಬಿಡಿಸಿ, ಪುಟ್ಟ ಕಾಗದದ ಕವರಿಗೆ ಹಾಕಿ, ಬಾಯಿ ಮಡಚಿ ಕೊಡುತ್ತಾರೆ. "ಊಟ ಆದ್ಮೇಲೆ ತಗೋ" ಅಂತಾರೆ. ಮುಗಿಯಿತು, ಅದೇ ವೈದ್ಯಕೀಯ. ಯಾವ ಮಾತ್ರೆ, ಯಾಕೆ, ಯಾರಿಗೆ ಆಗುವುದಿಲ್ಲ, ಒಂದೂ ಗೊತ್ತಿಲ್ಲ. ನಮ್ಮ ಕಡೆ ಮಾತ್ರೆಯ ಗುರುತು ಅಂದರೆ ಬಣ್ಣ. "ಹೋದ್ಸಲ ಹಳದಿ ಕೊಟ್ಟಿದ್ರಲ್ಲ, ನಂಗದು ಚೆನ್ನಾಗ್ ಹಿಡಿಸ್ತು, ಅದನ್ನೇ ಕೊಡಿ" ಅಂತ ಕೇಳಿ ತೆಗೆದುಕೊಳ್ಳುತ್ತಾರೆ, ಸೀರೆ ಅಂಗಡಿಯಲ್ಲಿ ಕೇಳಿದ ಹಾಗೆ.

ನಾನೂ ಹಾಗೇ ಕೇಳಿದವನು. ಹೋದ ಬೇಸಿಗೆಯಲ್ಲಿ ನಮ್ಮ ಊರಿನದೇ ಸಿಂಗಾಪುರ ಬಡಾವಣೆಯ ಕಡೆಯ ಹೊಸ ಲೇಔಟುಗಳಲ್ಲಿ ಕೇಬಲ್ ಎಳೆಯುತ್ತಿದ್ದೆವು, ನಾನು ಮತ್ತು ನನ್ನ ಜೊತೆಗಾರ ಮನ್ಸೂರ್. ನಮ್ಮ ಕೆಲಸದವರಿಗೆ ಒಂದು ಅಭ್ಯಾಸ ಇದೆ. ಡ್ಯೂಟಿಯಲ್ಲಿ ನೀರು ಕುಡಿಯುವುದಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದೆ, ಹೋಗುವುದೆಲ್ಲಿ? ಮನೆಯವರು ರೂಟರ್ ಎಲ್ಲಿಡಬೇಕು ಅಂತ ಬೆಡ್‌ರೂಮಿನ ತನಕ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬಾತ್‌ರೂಮ್ ಕೇಳಿದರೆ ಮಾತ್ರ "ಅದರಲ್ಲಿ ನೀರು ಬರ್ತಿಲ್ಲಪ್ಪ" ಅನ್ನುತ್ತಾರೆ. ಹಾಗಾಗಿ ಬಾಟಲಿ ಬ್ಯಾಗಿನಲ್ಲೇ ಬಿಸಿಯಾಗುತ್ತಿರುತ್ತದೆ. ಆ ಬೇಸಿಗೆ ನನಗೆ ಉರಿಮೂತ್ರ ಶುರುವಾಯಿತು.

"ಏನ್ ಮಗಾ, ಪದೇ ಪದೇ ಆ ಮರದ ಹಿಂದೆ ಹೋಗ್ತಿದ್ದೀಯ, ಅಲ್ಲೇನ್ ಗರ್ಲ್‌ಫ್ರೆಂಡ್ ಇಟ್ಟಿದ್ದೀಯ?" ಅಂದ ಮನ್ಸೂರ್.

"ಉರೀತಿದೆ ಕಣೋ, ಸುಮ್ನಿರು."

"ಹಂಗಾದ್ರೆ ಒಂದ್ ಸೆಟ್ ಹಾಕು, ನಾಳೆಗ್ ಸರಿಹೋಗುತ್ತೆ."

ಹಾಕಿದೆ. ಅಂಗಡಿಯವರನ್ನು ಇಲ್ಲಿ ಆನಂದಪ್ಪ ಅಂತ ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ, ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ಅವರು ಕೊಟ್ಟ ಸೆಟ್ಟಿನಲ್ಲಿ ಉದ್ದನೆಯ ಹಳದಿ ಮಾತ್ರೆ ಇತ್ತು. ಉರಿ ನಿಂತಿತು, ಸುಳ್ಳು ಹೇಳುವುದಿಲ್ಲ. ಆದರೆ ಸೆಟ್ ಮುಗಿಯುವುದಕ್ಕೆ ಮುಂಚೆಯೇ ಏಣಿ ಹತ್ತುವಾಗ ಹಿಮ್ಮಡಿಯ ಹಿಂದೆ ಚುಳುಕ್ ಅಂದಿತು. ಮಾರನೇ ದಿನ ಎರಡೂ ಕಾಲಿಗೆ ಬಂತು. ಕೆಲಸ ಜಾಸ್ತಿಯಾಗಿದೆ, ಉಳುಕಿರಬೇಕು ಅಂದುಕೊಂಡೆ. ಯಾರಾದರೂ ಏನು ಮಾಡುತ್ತಾರೆ? ಕಾಲು ನೋವಿಗೆ ಔಷಧಿ ಕೇಳಿಕೊಂಡು ಅದೇ ಅಂಗಡಿಗೆ ಹೋದೆ. ಆನಂದಪ್ಪನವರು ನೋವಿನ ಮಾತ್ರೆ ಹಾಕಿದರು, ಊತ ಇಳಿಯಲಿ ಅಂತ ಚಿಕ್ಕ ಬಿಳಿ ಮಾತ್ರೆ ಹಾಕಿದರು, "ಒಳಗೆ ಇನ್ಫೆಕ್ಷನ್ ಇನ್ನೂ ಸ್ವಲ್ಪ ಇರ್ಬೇಕು ಕಣಪ್ಪ" ಅಂತ ಅದೇ ಹಳದಿಯನ್ನು ಮತ್ತೆ ಹಾಕಿದರು. ನನ್ನನ್ನು ಕೆಡವಿದ ಮಾತ್ರೆಯನ್ನೇ ನಾನು ಎದ್ದೇಳುವುದಕ್ಕೆ ನುಂಗಿದೆ. ಹೆಸರು ಬರೆದಿದ್ದರೂ ಆ ಸಲ ನಾನು ತಿನ್ನುತ್ತಿದ್ದೆನೋ ಏನೋ. ಆದರೆ ಆಸ್ಪತ್ರೆಯವರಿಗಾದರೂ ತೋರಿಸಬಹುದಿತ್ತು.

ಯಾಕೆಂದರೆ ಆಮೇಲೆ ಆಸ್ಪತ್ರೆಗೇ ಹೋದೆ. ಅಷ್ಟರಲ್ಲಿ ಅಂಗಾಲು ಕೆಂಡ ತುಳಿದ ಹಾಗೆ ಉರಿಯುತ್ತಿತ್ತು. ನಿದ್ದೆ ಹೋಗಿತ್ತು. ಸುಮ್ಮನೆ ಕೂತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ಮನ್ಸೂರನ ಹೆಗಲು ಹಿಡಿದು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಡಾಕ್ಟರ್ ಮೇಡಂ ಬೆರಳಿನಲ್ಲಿ ಹಿಮ್ಮಡಿ ಒತ್ತಿ ನೋಡಿ ಕೇಳಿದರು.

"ಇತ್ತೀಚೆಗೆ ಏನಾದ್ರೂ ಮಾತ್ರೆ ತಗೊಂಡ್ಯಾ?"

"ಹೂಂ ಮೇಡಂ. ಹಳದೀದು."

ಅವರು ನಕ್ಕರು. ಆಮೇಲೆ ನಾನು ನಗುತ್ತಿಲ್ಲ ಅಂತ ಗೊತ್ತಾಗಿ ನಿಲ್ಲಿಸಿದರು. "ಹಳದೀದು ಅಂದ್ರೆ ಯಾವ್ದಪ್ಪ? ಹೆಸರು ಹೇಳು, ಇಲ್ಲ ಶೀಟ್ ತೋರ್ಸು" ಅಂದರು. ನನ್ನ ಹತ್ತಿರ ಖಾಲಿ ಕವರ್ ಇತ್ತು. ಕೊನೆಗೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ, ಅಮ್ಮ ಅಂಗಡಿಗೆ ಓಡಿದಳು, ಆನಂದಪ್ಪನವರು ಅಮ್ಮನ ಫೋನಿನಲ್ಲಿ ಮೇಡಂಗೆ ಹೆಸರು ಹೇಳಿದರು. "ಒಳ್ಳೇ ಪವರ್ ಮಾತ್ರೆ ಮೇಡಂ, ನಾನು ಎಲ್ಲರಿಗೂ ಅದೇ ಕೊಡೋದು" ಅಂತ ಸೇರಿಸಿದರು. ಮೇಡಂ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೋಡು ಬಾಲರಾಜ್, ಎಲ್ಲರಿಗೂ ಹಿಂಗಾಗಲ್ಲ. ಕೆಲವರಿಗೆ ಆಗುತ್ತೆ, ನಿಂಗಾಗಿದೆ. ಇನ್ಮೇಲೆ ಹೆಸರಿನ ಕೊನೇಲಿ ಫ್ಲಾಕ್ಸಾಸಿನ್ ಅಂತ ಬರೋ ಯಾವ ಮಾತ್ರೆನೂ ಮುಟ್ಟಬೇಡ. ಸ್ಟೆರಾಯ್ಡ್ ಬೇಡ. ನೋವಿನ ಮಾತ್ರೆ ನನ್ನ ಕೇಳದೆ ಬೇಡ. ನಿನ್ನ ಕಾಲಲ್ಲಿರೋದು ಈಗ ಅರ್ಧ ಸವೆದಿರೋ ಹಗ್ಗ ಅನ್ಕೋ."

"ಸರಿಹೋಗುತ್ತಾ ಮೇಡಂ?"

"ಕೆಣಕದೆ ಬಿಟ್ರೆ ಸುಮಾರು ಜನಕ್ಕೆ ನಿಧಾನಕ್ಕೆ ಹೋಗುತ್ತೆ."

ಮಾನ್ಯರೇ, ಕೆಣಕದೆ ಬಿಡುವುದು ಅಂದರೆ ಏನು ಅಂತ ತಮಗೆ ಹೇಳಬೇಕು. ಈ ಊರಿನಲ್ಲಿ ಅದೊಂದು ಪೂರ್ಣಾವಧಿ ನೌಕರಿ. ಬಿಸಿಲಿಗೆ ನಿಂತರೆ ಅಂಗಾಲಿನ ಉರಿ ಏರುತ್ತದೆ, ಹಾಗಾಗಿ ಹೆಬ್ಬಾಳದಲ್ಲಿ ಬಸ್ಸು ಕಾಯುವಾಗ ಫ್ಲೈಓವರಿನ ನೆರಳು ಸರಿದ ಹಾಗೆ ನಾನೂ ಸರಿಯುತ್ತೇನೆ. ಬಸ್ಸು ಬಂದಾಗ ಎಲ್ಲರೂ ಓಡುತ್ತಾರೆ, ನಾನು ಓಡುವ ಹಾಗಿಲ್ಲ, ಮುಂದಿನ ಬಸ್ಸಿಗೆ ನಿಲ್ಲುತ್ತೇನೆ. ಅದಕ್ಕೂ ಓಡಬೇಕಾಗುತ್ತದೆ. ಕಾಫಿ ಕುಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ಕಾಫಿ ಬಿಟ್ಟೆ. ಕುಕ್ಕರುಗಾಲಿನಲ್ಲಿ ಕೂತರೆ ಹಿಮ್ಮಡಿ ಎಳೆಯುತ್ತದೆ. ನಮ್ಮ ವಠಾರದಲ್ಲಿರುವುದು ಎಂಥ ಕಕ್ಕಸು ಅಂತ ತಾವೇ ಊಹಿಸಿಕೊಳ್ಳಿ. ನಿದ್ದೆಗೆಟ್ಟರೆ ಮರುದಿನ ಎಲ್ಲವೂ ಒಟ್ಟಿಗೆ ಬರುತ್ತದೆ. ಕೆಲವು ನಿಜವಾಗಿ ಕೆಣಕುತ್ತವೆ, ಕೆಲವು ನಾನು ಸುಮ್ಮನೆ ಅನುಮಾನ ಪಡುತ್ತೇನೆ. ಕೋಳಿಗೂ ಅದೇ ಮಾತ್ರೆ ಹಾಕುತ್ತಾರೆ ಅಂತ ಯಾರೋ ಹೇಳಿದರು ಅಂತ ಬಹಳ ದಿನ ಚಿಕನ್ ಮುಟ್ಟಲಿಲ್ಲ. ಮೇಡಂ ಬೈದ ಮೇಲೆ ತಿಂದೆ, ಏನೂ ಆಗಲಿಲ್ಲ. ಇಲ್ಲಿ ಮಾತ್ರ ತಾವು ಹೇಳಿದ ಭಯ ಇತ್ತು, ಒಪ್ಪುತ್ತೇನೆ. ಆದರೆ ಭಯ ಹುಟ್ಟಿದ್ದು ಯಾಕೆ ಸಾರ್? ಯಾವುದರಲ್ಲಿ ಏನಿದೆ ಅಂತ ಗೊತ್ತಿಲ್ಲದವನು ಎಲ್ಲದಕ್ಕೂ ಹೆದರುತ್ತಾನೆ.

ಬಿಸಿಲು, ಕಾಫಿ, ಓಟ ಇವುಗಳಿಂದ ನಾನು ತಪ್ಪಿಸಿಕೊಳ್ಳಬಲ್ಲೆ. ಅವು ಕಣ್ಣಿಗೆ ಕಾಣುತ್ತವೆ. ಜನರ ಪ್ರೀತಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಈ ಊರಿನಲ್ಲಿ ಕುಂಟುವವನನ್ನು ಕಂಡರೆ ಪ್ರತಿಯೊಬ್ಬರ ಜೇಬಿನಿಂದಲೂ ಒಂದು ಮಾತ್ರೆ ಹೊರಗೆ ಬರುತ್ತದೆ. ನಮ್ಮ ಸೂಪರ್‌ವೈಸರ್ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಸಹಕಾರನಗರದ ಮನೆಯೊಂದರಲ್ಲಿ ವೈರು ಸುತ್ತುತ್ತಾ ಕೂತಿದ್ದಾಗ ಆ ಮನೆಯ ಅಜ್ಜಿ, ಪಾಪ, "ನಮ್ಮನೆಯವ್ರಿಗೆ ಮಂಡಿಗೆ ಕೊಟ್ಟಿದ್ದು, ಒಂದೇ ಉಳಿದಿದೆ, ತಗೋ ಮಗಾ" ಅಂತ ತಂದುಕೊಟ್ಟರು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲಿ "ಅಯ್ಯೋ" ಅಂದರೂ ಅಲ್ಲೊಬ್ಬರು ಔಷಧಿ ಕೊಡುವವರು. ಯಾವುದಕ್ಕೂ ಹೆಸರಿಲ್ಲ. ಬೇಡ ಅಂದರೆ "ಈಗಿನ ಹುಡುಗ್ರಿಗೆ ಕೊಬ್ಬು" ಅನ್ನುತ್ತಾರೆ.

ನಾನು ಮೊದಲು ಕಂಬದ ಮೇಲಿದ್ದೆ. ಈಗ ಕೆಳಗಿದ್ದೇನೆ. ಮನ್ಸೂರ್ ಹತ್ತುತ್ತಾನೆ, ನಾನು ಕೆಳಗೆ ನಿಂತು ವೈರು ಬಿಡುತ್ತೇನೆ. ಒಂದು ಕಡೆ ಕೂರುವುದಕ್ಕೆ ಬಾರದವನು ನಾನು, ಶಾಲೆಯಲ್ಲೂ ಅದಕ್ಕೇ ಏಟು ತಿಂದವನು. ಟೆರೇಸಿನಿಂದ ಟೆರೇಸಿಗೆ ಹಾರುತ್ತಿದ್ದ ಕಾಲಿಗೆ ಈಗ ಚಪ್ಪಲಿ ಹಾಕುವುದನ್ನೂ ಯೋಚನೆ ಮಾಡಿ ಹಾಕುತ್ತೇನೆ. "ಏನ್ ಮಚ್ಚಾ, ಮದ್ವೆ ಹೆಣ್ಣಿನ ತರ ನಡೀತೀಯ" ಅಂತ ಮನ್ಸೂರ್ ಮೇಲಿನಿಂದ ಕೂಗುತ್ತಾನೆ. ಬೀದಿಯೆಲ್ಲ ನಗುತ್ತದೆ, ನಾನೂ ನಗುತ್ತೇನೆ. ಆದರೆ ಇತ್ತೀಚೆಗೆ ಸುಧಾರಿಸುತ್ತಿತ್ತು ಸಾರ್. ಹೋದ ತಿಂಗಳು ಒಂದು ಏಣಿಯನ್ನು ಪೂರ್ತಿ ಹತ್ತಿ ಇಳಿದೆ. ಮನ್ಸೂರ್ ಕೆಳಗೆ ಏಣಿ ಹಿಡಿದು ನಿಂತಿದ್ದ, ಅವತ್ತು ಅವನು ತಮಾಷೆ ಮಾಡಲಿಲ್ಲ. ಇಷ್ಟು ಗಳಿಸಿಕೊಂಡಿರುವುದನ್ನು ಒಂದು ಬಿಳಿ ಮಾತ್ರೆ ವಾಪಸ್ ತೆಗೆದುಕೊಂಡು ಹೋಗಬಹುದು. ನನ್ನ ತಕರಾರು ಇರುವುದೇ ಇಲ್ಲಿ.

ಅದಕ್ಕೇ ತಮ್ಮ ಘನ ಕಚೇರಿಗೆ ಬಂದಿದ್ದೆ. ಅರ್ಜಿಯನ್ನು ಕನ್ನಡಕ ಇಳಿಸಿ ಓದಿದಿರಿ.

"ಔಷಧದ ಹೆಸರು ಅನ್ನೋ ಕಡೆ ಖಾಲಿ ಬಿಟ್ಟಿದ್ದೀರಲ್ರೀ?"

"ಅದೇ ಸಾರ್ ನನ್ನ ದೂರು. ಹೆಸರು ಕೊಡಲ್ಲ ಅಂತ."

"ಹೆಸರಿಲ್ದೆ ದೂರು ತಗೊಳ್ಳೋಕ್ಕಾಗಲ್ಲ. ಬಿಲ್ ಇದ್ಯಾ?"

"ಇಲ್ಲ ಸಾರ್. ಫೋನಲ್ಲಿ ಡಾಕ್ಟ್ರಿಗೆ ಹೇಳಿದ್ರು."

"ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಶೀಟ್ ಇದ್ಯಾ?"

"ಬಿಲ್ಲು, ಶೀಟು ಕೊಡೋ ಹಂಗಿದ್ರೆ ನಾನ್ಯಾಕ್ ಸಾರ್ ಇಲ್ಲಿಗೆ ಬರ್ತಿದ್ದೆ?"

ಮಾನ್ಯರೇ, ಕಳುವಾದ ಗಾಡಿಯ ದೂರು ಕೊಡಲು ಹೋದವನಿಗೆ ಮೊದಲು ಆ ಗಾಡಿ ತಂದು ತೋರಿಸು ಅನ್ನುವ ಠಾಣೆ ಎಲ್ಲಾದರೂ ಉಂಟೇ? ಆಮೇಲೆ ತಾವು ಪೆನ್ನಿನ ಮುಚ್ಚಳ ತೆಗೆದು, "ಸರಿ, ಅಂಗಡಿ ಹೆಸರಾದ್ರೂ ಹೇಳಿ, ನಾಳೇನೇ ಬೀಗ ಹಾಕಿಸ್ತೀನಿ" ಅಂದಿರಿ. ನಾನು ಹೇಳಲಿಲ್ಲ. "ನೋಡಿ, ನಿಮಗೇ ನ್ಯಾಯ ಬೇಡ" ಅಂತ ಮುಚ್ಚಳ ಹಾಕಿದಿರಿ. ಭಯದ ಕಾಯಿಲೆಯ ಮಾತು ಬಂದದ್ದು ಆಗಲೇ.

ಯಾಕೆ ಹೇಳಲಿಲ್ಲ ಅಂತ ಈಗ ಹೇಳುತ್ತೇನೆ. ಆನಂದಪ್ಪನವರ ಅಂಗಡಿಗೆ ಬೀಗ ಬಿದ್ದರೆ ನಮ್ಮ ರಸ್ತೆಗೆ ಏನು ಉಳಿಯುತ್ತದೆ? ಪಕ್ಕದ ಮನೆಯ ಈರವ್ವನಿಗೆ ಉಸಿರು ಕಟ್ಟಿದಾಗ ಪಂಪು ತಂದುಕೊಟ್ಟು, ಆಟೋ ಹತ್ತಿಸಿ, ಜೊತೆಗೇ ಹತ್ತಿ ಹೋದವರು ಅವರು. ಗದಗದ ಕಡೆಯಿಂದ ಬಂದು ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಆ ಹೆಂಗಸಿಗೆ ಈ ಊರಿನಲ್ಲಿ ಇನ್ಯಾರೂ ಇರಲಿಲ್ಲ. ಆನಂದಪ್ಪ ನನಗೆ ಕೆಟ್ಟದ್ದು ಮಾಡಬೇಕು ಅಂತ ಮಾಡಿದವರಲ್ಲ. ಮಾಡಿದ್ದು ಕೆಟ್ಟದ್ದೇ, ಅದನ್ನೂ ಅವರ ಮುಖಕ್ಕೇ ಹೇಳಿದ್ದೇನೆ. ನನಗೆ ಬೇಕಾಗಿರುವುದು ಅವರ ಬಾಗಿಲಿಗೆ ಬೀಗ ಅಲ್ಲ, ಅವರ ಕವರಿನ ಮೇಲೆ ಒಂದು ಹೆಸರು. ತಮ್ಮ ಕಚೇರಿಯಲ್ಲಿ ಬೀಗ ಮಾತ್ರ ಸ್ಟಾಕ್ ಇದೆ ಅಂತ ಕಾಣುತ್ತದೆ.

ಇವತ್ತು ಬೆಳಿಗ್ಗೆ ನಡೆದದ್ದು ಕೇಳಿ. ನಾನು ಏಳುವಷ್ಟರಲ್ಲಿ ಅಮ್ಮ, ನಮ್ಮಮ್ಮನ ಹೆಸರು ಸುಬ್ಬಲಕ್ಷ್ಮಮ್ಮ, ಅಂಗಡಿಗೆ ಹೋಗಿ ಹಲ್ಲು ನೋವಿಗೆ ಸೆಟ್ ತಂದಿದ್ದಳು.

"ಯಾವ್ದಮ್ಮ ಇದು?"

"ಅದಲ್ಲ ಕಣೋ. ನಿಂಗಾಗಿದ್ದು ಅಳದೀದು. ಇದು ಬಿಳೀದು."

ಕವರ್ ಹಿಡಿದು ಅಂಗಡಿಗೆ ಹೋದೆ. ಆನಂದಪ್ಪನವರು ನನ್ನ ಕೆನ್ನೆ ನೋಡಿ, "ಏನೋ ಬಾಲು, ಬಾಯೊಳಗೆ ಬನ್ ಇಟ್ಕೊಂಡಂಗಿದೆ" ಅಂದರು. ನಾನು ಕವರನ್ನು ಕೌಂಟರಿನ ಮೇಲಿಟ್ಟೆ.

"ಅಂಕಲ್, ಈ ಬಿಳೀದು ಯಾವ್ದು?"

ಅವರು ಮಾತ್ರೆಯನ್ನು ಅಂಗೈ ಮೇಲೆ ಹಾಕಿಕೊಂಡರು. ತಿರುಗಿಸಿದರು. ಟ್ಯೂಬ್‌ಲೈಟಿಗೆ ಹಿಡಿದರು. ಕನ್ನಡಕ ಹಣೆಗೆ ಏರಿಸಿ ಕಣ್ಣಿನ ಹತ್ತಿರ ತಂದರು. ಅವರ ಮುಖದಲ್ಲಿದ್ದ ನಗು ಇಳಿದದ್ದನ್ನು ನಾನು ನೋಡಿದೆ.

"ಬೆಳಿಗ್ಗೆ ಅಂಗ್ಡೀಲಿ ನಾನಿರ್ಲಿಲ್ಲಪ್ಪ. ನಮ್ಮನೆಯವ್ಳು ಕೊಟ್ಟಿರೋದು. ಹಲ್ಲಿಗೆ ಎರಡು ತರ ಇಟ್ಟಿದ್ದೀವಿ. ಒಂದರಲ್ಲಿ ನಿಂಗಾಗದೇ ಇರೋ ಫ್ಲಾಕ್ಸಾಸಿನ್ನೇ ಸೇರಿದೆ. ಇನ್ನೊಂದರಲ್ಲಿ ಇಲ್ಲ."

"ಇದು ಯಾವ್ದು?"

"ಎರಡೂ ಬಿಳೀನೇ ಕಣೋ."

"ಆಂಟಿನ ಕೇಳಿ."

ಕೇಳಿದರು. ಒಳಗಿನಿಂದ ಅವರ ಹೆಂಡತಿ, "ಬೆಳಿಗ್ಗೆ ಎಷ್ಟು ಜನ ಬಂದ್ರು, ಯಾರಿಗ್ ಯಾವ್ದು ಅಂತ ನೆನಪಿಟ್ಕೊಳ್ಳಕ್ಕಾಗುತ್ತೇನ್ರೀ?" ಅಂದರು. ಆನಂದಪ್ಪನವರು ಮಾತ್ರೆಯನ್ನು ಕವರಿಗೆ ಹಾಕಿ, ಬಾಯಿ ಮಡಚಿ, ಅಭ್ಯಾಸಬಲದಿಂದ ನನ್ನ ಕಡೆಗೇ ತಳ್ಳಿದರು. ಕೊಟ್ಟ ಅಂಗಡಿಗೇ ಗೊತ್ತಿಲ್ಲದ ಮಾತ್ರೆಯ ಹೆಸರನ್ನು ತಾವು ನನ್ನ ಅರ್ಜಿಯಲ್ಲಿ ಕೇಳಿದಿರಿ ಸಾರ್.

"ಇನ್ಮೇಲಾದ್ರೂ ಕವರ್ ಮೇಲೆ ಹೆಸರು ಬರೀರಿ ಅಂಕಲ್. ಪೆನ್ ಇಲ್ಲೇ ಇದೆ."

"ಬರಿಯೋದೇನ್ ಕಷ್ಟ? ಡಾಕ್ಟ್ರ ಚೀಟಿ ಇಲ್ದೆ ಇದನ್ನ ಕೊಡೋ ಹಂಗಿಲ್ಲ ಗೊತ್ತಾ? ಕೊಟ್ಟಿದ್ದು ನಿನ್ ಹೊಟ್ಟೇಲಿ ಕರಗೋಗುತ್ತೆ. ಬರ್ದಿದ್ದು ಸಾಹೇಬ್ರ ಕೈಗ್ ಸಿಗುತ್ತೆ. ಅವ್ರು ಬಂದಾಗ ನೋಡೋದೇ ಅಂಥದ್ದನ್ನ. ನನ್ ಲೈಸೆನ್ಸ್ ಹೋದ್ರೆ ನೀನ್ ಕೊಡಿಸ್ತೀಯ?"

ಮಾನ್ಯರೇ, ಆ ಮಾತು ಕೇಳಿ ನನ್ನ ಹಲ್ಲು ನೋವು ಒಂದು ನಿಮಿಷ ನಿಂತೇ ಹೋಯಿತು. ಇಷ್ಟು ದಿನ ನಾನು, ತಾವು ಬರದೇ ಇರುವುದರಿಂದ ಹೀಗೆ ನಡೆಯುತ್ತಿದೆ ಅಂದುಕೊಂಡಿದ್ದೆ. ತಾವು ಬರುತ್ತೀರಿ ಅಂತಲೇ ಹೀಗೆ ನಡೆಯುತ್ತಿದೆ. ಚೀಟಿ ಇಲ್ಲದೆ ಕೊಡಬಾರದು ಅನ್ನುವ ಕಾನೂನು ಒಳ್ಳೆಯದೇ. ಆದರೆ ಅದು ನಮ್ಮ ರಸ್ತೆಯಲ್ಲಿ ಮಾತ್ರೆಯನ್ನು ನಿಲ್ಲಿಸಲಿಲ್ಲ, ಮಾತ್ರೆಯ ಹೆಸರನ್ನು ನಿಲ್ಲಿಸಿತು. ತಮ್ಮ ಮೇಲಿನ ಭಯಕ್ಕೆ ಅಂಗಡಿಯವರು ಶೀಟನ್ನು ಒಳಗಿಟ್ಟುಕೊಂಡು ಬೆತ್ತಲೆ ಮಾತ್ರೆಯನ್ನು ಹೊರಗೆ ಕಳಿಸುತ್ತಾರೆ. ತಾವು ಬಂದು ನೋಡಿದಾಗ ಎಲ್ಲ ಶೀಟೂ ಅಚ್ಚುಕಟ್ಟಾಗಿ ಒಳಗಿರುತ್ತದೆ, ತಾವು ತೃಪ್ತರಾಗಿ ಹೋಗುತ್ತೀರಿ. ಹೆಸರಿಲ್ಲದ್ದು ನಮ್ಮ ಹೊಟ್ಟೆಯಲ್ಲಿರುತ್ತದೆ. ಅಲ್ಲಿಗೆ ತಮ್ಮ ತಪಾಸಣೆ ಬರುವುದಿಲ್ಲ. ಭಯದ ಕಾಯಿಲೆ ಅಂದಿರಲ್ಲ, ಅದು ಇದೆ ಸಾರ್, ಅಂಗಡಿಯವರಿಗೆ ಇದೆ, ಹಬ್ಬಿಸಿದ್ದು ತಮ್ಮ ಕಚೇರಿ.

ಹಾಗಂತ ಎಲ್ಲರನ್ನೂ ಆಸ್ಪತ್ರೆಗೇ ಓಡಿಸಿ ಅನ್ನುತ್ತೀರೇನು? ಓಡಿಸಿ. ಸಂತೋಷ. ಅದಕ್ಕೆ ಮುಂಚೆ ಕೆಲಸ ಬಿಟ್ಟ ನಂತರ ಹೋಗುವ ಹೊತ್ತಿಗೆ ತೆರೆದಿರುವ ಒಂದು ಆಸ್ಪತ್ರೆಯನ್ನು ನಮ್ಮ ಕಡೆ ತೋರಿಸಿ. ಅಲ್ಲಿಯ ತನಕ ಜನ ಕೌಂಟರಿಗೆ ಮೊಣಕೈ ಊರುತ್ತಲೇ ಇರುತ್ತಾರೆ. ಅದು ತಮಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದಕ್ಕೆ ತಮಗೆ ಕುರ್ಚಿ ಇದೆ. ನನಗೆ ಇರುವುದು ಎರಡು ಕಾಲು, ಅದರಲ್ಲಿ ಒಂದು ಅರ್ಧ.

ಆದ್ದರಿಂದ ನನ್ನ ಬೇಡಿಕೆ ಇದು. ತಮ್ಮ ವ್ಯಾಪ್ತಿಯ ಪ್ರತಿ ಔಷಧ ಅಂಗಡಿಗೂ ಆದೇಶ ಹೋಗಲಿ. ಒಂದೇ ಒಂದು ಮಾತ್ರೆ ಕೊಟ್ಟರೂ ಶೀಟಿನಿಂದ ಬಿಡಿಸದೆ ಕೊಡಬೇಕು, ಕವರಿನ ಮೇಲೆ ಮಾತ್ರೆಯ ಹೆಸರನ್ನು ಓದುವ ಹಾಗೆ ಕನ್ನಡದಲ್ಲಿ ಬರೆಯಬೇಕು, ಕೊಡುವ ಮೊದಲು "ನಿಮಗೆ ಯಾವುದಾದರೂ ಆಗಲ್ವಾ?" ಅಂತ ಬಾಯಿ ಬಿಟ್ಟು ಕೇಳಬೇಕು. ಮತ್ತು ಹಾಗೆ ಹೆಸರು ಬರೆದವರನ್ನು, ಬರೆದರು ಅನ್ನುವ ಕಾರಣಕ್ಕೆ ಹಿಡಿಯುವುದಿಲ್ಲ ಅಂತ ತಾವು ಸಹಿ ಹಾಕಿ ಹೇಳಬೇಕು. ಹಿಡಿಯಲೇಬೇಕು ಅಂತಿದ್ದರೆ ಹೆಸರು ಬರೆಯದವರನ್ನು ಹಿಡಿಯಿರಿ. ಇದು ಕಾನೂನಿನಲ್ಲಿ ಕೂರುತ್ತದೋ ಇಲ್ಲವೋ ನನಗೆ ತಿಳಿಯದು. ಕೂರಿಸುವುದಕ್ಕೇ ತಮ್ಮನ್ನು ಅಲ್ಲಿ ಕೂರಿಸಿರುವುದು.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಟಿವಿ ಪಕ್ಕದಿಂದ ಕವರ್ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಲೋಟ ನೀರು ಹಿಡಿದು ಎದುರಿಗೆ ನಿಂತಿದ್ದಾಳೆ.

"ಇಂಗೇ ಕೂತಿದ್ರೆ ಕೀವು ತಲೆಗ್ ಏರ್ತದೆ ಕಣೋ. ಒಂದ್ ನುಂಗು. ಏನೂ ಆಗಾಕಿಲ್ಲ."

"ಆದ್ರೆ?"

"ಆನಂದಪ್ಪ ನೆನ್ನೆ ಮೊನ್ನೆಯೋನೇನ್ಲಾ? ನೀನು ಎಳೇ ಕೂಸಾಗಿದ್ದಾಗಿಂದ ಔಸ್ದಿ ಕೊಟ್ಟವ್ನೆ."

"ಅವ್ರಿಗೇ ಗೊತ್ತಿಲ್ಲಮ್ಮ ಇದು ಯಾವ್ದು ಅಂತ. ಕಣ್ಣಾರೆ ನೋಡ್ದೆ."

ಅವಳು ಕವರಿನ ಬಾಯಿ ಬಿಚ್ಚಿ ಒಳಗೆ ನೋಡಿದಳು, ಅಲ್ಲೇನಾದರೂ ಬರೆದಿದ್ದರೆ ತನಗೆ ಕಾಣಬಹುದೇನೋ ಅನ್ನುವ ಹಾಗೆ. ಅಮ್ಮನಿಗೆ ಓದು ಬರುವುದಿಲ್ಲ. ನನಗೆ ಹಲ್ಲು ಸಿಡಿದು ಕಣ್ಣಲ್ಲಿ ನೀರು ಬರುತ್ತಿದೆ ಸಾರ್. ಒಂದು ಗುಟುಕು ನೀರಿನ ಕೆಲಸ, ನುಂಗಿಬಿಟ್ಟರೆ ಸಂಜೆಯೊಳಗೆ ನೋವು ಇಳಿಯುತ್ತದೆ. ನುಂಗಬೇಕು ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕೆಳಗೆ ಮನ್ಸೂರ್ ಹಾರ್ನ್ ಹೊಡೆಯುತ್ತಿದ್ದಾನೆ. "ಬಾರೋ ಮಗಾ, ಆಮೇಲೆ ಆಸ್ಪತ್ರೇಲಿ ಚೀಟಿ ಕೊಡೋದು ನಿಲ್ಲಿಸ್ತಾರೆ" ಅಂತ ಕೂಗುತ್ತಿದ್ದಾನೆ. ಸರ್ಕಾರಿ ಹಲ್ಲಿನ ಆಸ್ಪತ್ರೆ ದೂರ ಇದೆ, ಸಾಲು ಉದ್ದ ಇರುತ್ತದೆ, ಇವತ್ತು ಇಬ್ಬರ ಕೆಲಸವೂ ಹೋಯಿತು. ಅಲ್ಲಿ ಏನು ಕೊಡುತ್ತಾರೋ ಗೊತ್ತಿಲ್ಲ. ಕೊಟ್ಟಿದ್ದರ ಹೆಸರು ಕೇಳುತ್ತೇನೆ, ಬರೆಸಿಕೊಳ್ಳುತ್ತೇನೆ, ಬರೆಯದಿದ್ದರೆ ಅಲ್ಲೇ ಕೂರುತ್ತೇನೆ.

ಎದ್ದೆ. ಲೋಟವನ್ನು ಅಮ್ಮನ ಕೈಯಿಂದ ತೆಗೆದುಕೊಂಡು ನೀರು ಮಾತ್ರ ಕುಡಿದೆ. "ಓಯ್ತೀಯೇನ್ಲಾ ಅಂಗೇ?" ಅಂದಳು. ಚಪ್ಪಲಿ ಮೆಟ್ಟಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಎಳೆಯುವಾಗ ನೋಡಿದರೆ ಒಳಗೆ ಅವಳು ಇನ್ನೂ ಕವರ್ ಹಿಡಿದು ನಿಂತಿದ್ದಳು.

ಇಂತಿ,
ಒಂದು ಕೆನ್ನೆ ಊದಿಸಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿರುವ,
ಬಾಲರಾಜ್
ಅಮೃತಹಳ್ಳಿ